ಮಳೆ ಅಳೆಯೋಕೆ ಪಾಸ್‌ವರ್ಡ್ ಯಾಕೆ?

ಮಳೆ ಬರೋಕೆ ಇಂಟರ್ನೆಟ್ ಬೇಕಾಗಿಲ್ಲ. ಬಂದ ಮಳೆ ಎಷ್ಟು ಅಂತ ತಿಳ್ಕೊಳ್ಳೋಕೂ ಬೇಕಾಗಿಲ್ಲ. ಇಷ್ಟು ಸರಳ ವಿಷಯವನ್ನ ಇಡೀ ಒಂದು ಅಂಕಣ ಬರೆದು ವಾದ ಮಾಡಬೇಕಾಗಿ ಬಂದಿದೆ ಅಂದ್ರೆ ಅದರ ಕೀರ್ತಿ ಪೂರ್ತಿಯಾಗಿ ಈಗ ಮನೆ ಬಳಕೆಯ ಹವಾಮಾನ ಕೇಂದ್ರ ಮಾರುತ್ತಿರುವ ಕಂಪನಿಗಳಿಗೆ ಸಲ್ಲಬೇಕು. ಪೆಟ್ಟಿಗೆ ಬಿಚ್ಚಿದ ಕೂಡಲೇ ಅವರು ಕೇಳೋದು ನಿಮ್ಮ ಊರಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತಲ್ಲ. ಇಮೇಲ್ ಐಡಿ ಏನು, ಫೋನ್ ನಂಬರ್ ಏನು, ಎಂಟು ಅಕ್ಷರಕ್ಕೆ ಕಮ್ಮಿ ಇಲ್ಲದ ಪಾಸ್‌ವರ್ಡ್ ಏನು ಅಂತ. ಆಮೇಲೆ ಮಳೆ.

ವಿಷಯ ಇಷ್ಟು. ನಮ್ಮೂರು ಶಿರಸಿ ಸೀಮೆಯಲ್ಲಿ. ಅಪ್ಪ-ಅಮ್ಮ ಅಲ್ಲಿ, ಅಡಿಕೆ ತೋಟ ಅಲ್ಲಿ, ನಾನು ಬೆಂಗಳೂರಲ್ಲಿ. ಈ ವಾಕ್ಯ ಓದಿದವರಲ್ಲಿ ಅರ್ಧ ಜನ ತಾಲ್ಲೂಕಿನ ಹೆಸರು ಬದಲಾಯಿಸಿಕೊಂಡು 'ನಂದೂ ಇದೇ' ಅಂತೀರಿ, ಗೊತ್ತು. ಮನೆ ಅಂಗಳದಲ್ಲಿ ಒಂಬತ್ತು ವರ್ಷದಿಂದ ಒಂದು ಪುಟ್ಟ ಹವಾಮಾನ ಕೇಂದ್ರ ಇದೆ. ಮಳೆ, ಉಷ್ಣಾಂಶ, ತೇವಾಂಶ, ಗಾಳಿ ಅಳೆಯುತ್ತೆ. ಅಳೆಯುತ್ತಿತ್ತು ಅನ್ನೋದು ಸರಿ. ಈಗ ಅದಕ್ಕೆ ವಯಸ್ಸಾಗಿದೆ, ಬದಲಿ ಹುಡುಕಬೇಕು. ಎರಡು ತಿಂಗಳಿಂದ ಅದೇ ಕೆಲಸದಲ್ಲಿದ್ದೀನಿ. ನೋಡಿದಷ್ಟೂ ಸಿಟ್ಟು ಬರ್ತಿದೆ.

ಹವಾಮಾನ ಕೇಂದ್ರಕ್ಕೆ ವಯಸ್ಸಾಗೋದು ಅಂದ್ರೇನು? ಅದು ಒಂದೇ ದಿನ ಕೆಟ್ಟು ನಿಲ್ಲಲ್ಲ. ನಿಂತಿದ್ರೆ ಒಳ್ಳೇದಿತ್ತು. ನಿಧಾನಕ್ಕೆ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಥರ್ಮಾಮೀಟರಿಗೆ ನೆರಳು ಕೊಡೋ ಬಿಳಿ ಪ್ಲಾಸ್ಟಿಕ್ ತಟ್ಟೆಗಳು ಬಿಸಿಲಿಗೆ ಹಳದಿಯಾಗ್ತವೆ. ಹಳದಿಯಾದ ಪ್ಲಾಸ್ಟಿಕ್ ಹೆಚ್ಚು ಬಿಸಿ ಹೀರುತ್ತೆ, ಹಾಗಾಗಿ ಮಧ್ಯಾಹ್ನದ ಉಷ್ಣಾಂಶ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ತೇವಾಂಶದ ಸೆನ್ಸರ್ ಮಲೆನಾಡಿನ ಜೂನ್, ಜುಲೈ, ಆಗಸ್ಟ್ ಪೂರ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ ಬದುಕುತ್ತೆ. ಕೆಲವು ವರ್ಷ ಕಳೆದ ಮೇಲೆ ಏಪ್ರಿಲ್ ಮಧ್ಯಾಹ್ನಕ್ಕೂ ಶೇ. 90 ಅನ್ನುತ್ತೆ. ಮಳೆಮಾಪಕದೊಳಗೆ ಇರುವೆ ಗೂಡು ಕಟ್ಟುತ್ತೆ, ಜೇಡ ಬಲೆ ಹಾಕುತ್ತೆ, ಮಗುಚೋ ಬಟ್ಟಲು ಸಲೀಸಾಗಿ ಮಗುಚಲ್ಲ. ಪರದೆ ಮೇಲೆ ಅಂಕಿ ಮಾತ್ರ ಮೊದಲಿನಷ್ಟೇ ಠೀವಿಯಿಂದ, ದಶಮಾಂಶ ಸಮೇತ ಕೂತಿರುತ್ತೆ.

ಇವೆಲ್ಲಾ ಸಹಜ. ಮನುಷ್ಯನಿಗೂ ಮೊಣಕಾಲು ನೋವು ಬರುತ್ತೆ. ಸೆನ್ಸರ್ ಬದಲಾಯಿಸಬಹುದು, ತಟ್ಟೆ ಬದಲಾಯಿಸಬಹುದು, ಇರುವೆ ಓಡಿಸಬಹುದು. ಆದ್ರೆ ನಮ್ಮ ಕೇಂದ್ರ ಸತ್ತಿದ್ದು ವಯಸ್ಸಿನಿಂದಲ್ಲ. ಅದನ್ನ ಮಾರಿದ ಕಂಪನಿ ಮೊದಲು, ಒಂದು ವರ್ಷಕ್ಕಿಂತ ಹಳೆಯ ದಾಖಲೆ ನೋಡಬೇಕಾದ್ರೆ ಚಂದಾ ಕೊಡಿ ಅಂತು. ಆಮೇಲೆ ಈ ಮಾದರಿಗೆ ಇನ್ನು ಮುಂದೆ ಬೆಂಬಲ ಇಲ್ಲ, ಸರ್ವರ್ ನಿಲ್ಲಿಸ್ತಿದ್ದೀವಿ, ಹೊಸ ಮಾದರಿಗೆ ನಿಮಗೆ ವಿಶೇಷ ರಿಯಾಯಿತಿ ಅಂತ ಒಂದು ಇಮೇಲ್ ಕಳಿಸ್ತು. ಅಂಗಳದಲ್ಲಿ ಕಂಬ ನೆಟ್ಟಗೆ ನಿಂತಿದೆ, ಬಟ್ಟಲು ಮಗುಚುತ್ತಿದೆ, ರೇಡಿಯೋ ಸಿಗ್ನಲ್ ಹೊರಡುತ್ತಿದೆ. ಕೇಳಿಸಿಕೊಳ್ಳೋವ್ರು ಯಾರೂ ಇಲ್ಲ. ನಮ್ಮ ಅಂಗಳದ ಮಳೆ ನಮ್ಮ ಮನೆಯೊಳಗೆ ಬರೋಕೆ ಯಾವುದೋ ಖಂಡದ ಸರ್ವರ್ ಸುತ್ತಿ ಬರಬೇಕಿತ್ತು. ಆ ದಾರಿಗೆ ಗೇಟ್ ಬಿತ್ತು.

ಇದು ನಮ್ಮ ಒಂದು ಮನೆ ಕಥೆಯಲ್ಲ, ಈ ಇಡೀ ವ್ಯಾಪಾರದ ಸ್ವಭಾವ. ವೆದರ್ ಅಂಡರ್‌ಗ್ರೌಂಡ್ ನೋಡಿ. 1995ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಅಂಗಳದಿಂದ ಹೊರಬಂದ ತಾಣ. ಪ್ರಪಂಚದ ಸಾವಿರಾರು ಜನ ತಮ್ಮ ದುಡ್ಡಲ್ಲಿ ಕೇಂದ್ರ ಕೊಂಡು, ತಮ್ಮ ಕರೆಂಟಲ್ಲಿ ನಡೆಸಿ, ತಮ್ಮ ಅಂಗಳದ ಅಂಕಿಅಂಶವನ್ನ ಅದಕ್ಕೆ ಬಿಟ್ಟಿ ಕೊಟ್ಟರು. 2012ರಲ್ಲಿ ಅದನ್ನ ವೆದರ್ ಚಾನೆಲ್ ಕೊಂಡಿತು. ಆಮೇಲೆ ಐಬಿಎಂ ಕೈಗೆ ಹೋಯಿತು. 2018ರ ಕೊನೆಗೆ ಉಚಿತ ಎಪಿಐ ಮುಚ್ಚಿತು. ಡೇಟಾ ಕೊಡುವವರಿಗೆ ಮಿತಿ ಹಾಕಿದ ಒಂದು ಕೀ ಸಿಕ್ಕಿತು, ಅಷ್ಟೇ. 2024ರಲ್ಲಿ ಒಂದು ಖಾಸಗಿ ಹೂಡಿಕೆ ಸಂಸ್ಥೆಗೆ ಮತ್ತೆ ಮಾರಾಟ. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಆದ್ರೆ ಲೆಕ್ಕ ನೋಡಿ. ಹಾಲು ಕರೆದವರು ನಾವು, ಡೈರಿಗೆ ಹಾಕಿದವರು ನಾವು, ಕೊನೆಗೆ ಪ್ಯಾಕೆಟ್ ಕೊಳ್ಳಬೇಕಾದವರೂ ನಾವೇ. ಡೈರಿಯಾದ್ರೂ ವಾರಕ್ಕೊಮ್ಮೆ ಬಟವಾಡೆ ಮಾಡುತ್ತೆ.

'ಅಲ್ಲಾ ಮಾರಾಯ, ಮಳೆ ಎಷ್ಟು ಬಂತು ಅಂತ ಫೋನಲ್ಲೇ ಬರುತ್ತಲ್ಲ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ?' ಅಂತ ಆಫೀಸಲ್ಲಿ ಕೇಳ್ತಾರೆ. ಬರುತ್ತೆ. ಆದ್ರೆ ಫೋನಲ್ಲಿ ಬರೋದು ಹೆಚ್ಚಿನ ಸಲ ಅಳತೆ ಅಲ್ಲ, ಲೆಕ್ಕ. ಭೂಮಿಯನ್ನ ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೂ ಕಂಪ್ಯೂಟರ್ ಕಟ್ಟಿದ ಅಂದಾಜು. ಜಗತ್ತಿನಲ್ಲೇ ಒಳ್ಳೆಯದು ಅಂತ ಹೆಸರು ಪಡೆದ ಯುರೋಪಿನ ಇಸಿಎಂಡಬ್ಲ್ಯುಎಫ್ ಜಾಗತಿಕ ಮಾದರಿಯ ಚೌಕವೂ ಸುಮಾರು 9 ಕಿಲೋಮೀಟರಿನದು. ಘಟ್ಟದಲ್ಲಿ 9 ಕಿಲೋಮೀಟರ್ ಅಂದ್ರೆ ಎಷ್ಟು ಗೊತ್ತಾ? ನಡುವೆ ಒಂದು ಗುಡ್ಡ, ಒಂದು ಹೊಳೆ, ಎರಡು ಬೇರೆ ಬೇರೆ ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟೋ ಮಳೆ. ಅಲ್ಲಿಂದ ಬಸ್ಸು ಹತ್ತಿ ಶಿವಮೊಗ್ಗದಲ್ಲಿ ಇಳಿದರೆ ಅದರ ಕಾಲು ಭಾಗವೂ ಇಲ್ಲ.

ನಮ್ಮ ಕಡೆ ಈ ವ್ಯತ್ಯಾಸ ಬರೀ ಮಾತಾಡೋ ವಿಷಯ ಅಲ್ಲ, ದುಡ್ಡಿನ ವಿಷಯ. ಅಡಿಕೆಗೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ರೈತ ವಿಮಾ ಮೊತ್ತದ ಶೇ. 5ರಷ್ಟು ಕಂತು ಸೊಸೈಟಿಯಲ್ಲಿ ಕಟ್ಟುತ್ತಾನೆ. ಪರಿಹಾರ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸೋಕೆ ಯಾರೂ ತೋಟಕ್ಕೆ ಬಂದು ಕೊಳೆ ಬಿದ್ದ ಅಡಿಕೆ ಎಣಿಸಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕ ಏನು ಹೇಳುತ್ತೋ ಅದೇ ಅಂತಿಮ. ರಾಜ್ಯದಲ್ಲಿ ಇಂಥ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸ್ತವೆ. ದೊಡ್ಡ ವ್ಯವಸ್ಥೆ, ದೇಶಕ್ಕೇ ಮಾದರಿ ಅನ್ನೋದನ್ನ ಒಪ್ತೀನಿ. ಆದ್ರೆ ಅವೂ ಯಂತ್ರಗಳೇ. ಅವುಗಳೊಳಗೂ ಇರುವೆ ಗೂಡು ಕಟ್ಟುತ್ತೆ. ಜುಲೈ ತಿಂಗಳಲ್ಲಿ ಪಂಚಾಯಿತಿಯ ಮಾಪಕ ನಾಲ್ಕು ದಿನ ಸೊನ್ನೆ ತೋರಿಸಿತು ಅಂತಿಟ್ಕೊಳ್ಳಿ. 'ಇಲ್ಲ ಸ್ವಾಮಿ, ಮಳೆ ಬಂದಿತ್ತು' ಅಂತ ಹೇಳೋಕೆ ನಿಮ್ಮ ಹತ್ರ ಏನಿದೆ? ನೆನಪಿದೆ. ನೆನಪಿಗೆ ಅರ್ಜಿಯಲ್ಲಿ ಕಾಲಂ ಇಲ್ಲ.

ನನ್ನ ಮನೆ ಕೇಂದ್ರದ ಅಂಕಿಯನ್ನ ವಿಮಾ ಕಂಪನಿ ಒಪ್ಪಲ್ಲ, ಅದು ಗೊತ್ತು. ಆದ್ರೆ ಒಂದು ಪಂಚಾಯಿತಿಯ ಐದಾರು ಮನೆಗಳಲ್ಲಿ ದಿನಾಂಕ ಸಮೇತ ದಾಖಲೆ ಇದ್ದು, ಅವು ಒಂದಕ್ಕೊಂದು ತಾಳೆಯಾಗಿ, ಸರ್ಕಾರಿ ಅಂಕಿಗೆ ಮಾತ್ರ ತಾಳೆಯಾಗದಿದ್ರೆ, ಮಾಪಕ ಪರೀಕ್ಷಿಸಿ ಅಂತ ಕೇಳೋಕೆ ಒಂದು ಆಧಾರ ಸಿಗುತ್ತೆ. ಮಳೆ ಲೆಕ್ಕಕ್ಕೂ ದುಡ್ಡಿಗೂ ಇರೋ ನಂಟು ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಉಗ್ರಾಣದ ಎದುರು ಮಳೆ ಅಳೆಯೋ ಪಾತ್ರೆ ಇಡಬೇಕು ಅಂತಿದೆ. ಕಣ ಇರೋ ಕಡೆ ಅಳತೆಯ ಪಾತ್ರೆ ಯಾರ ಕೈಯಲ್ಲಿದೆ ಅನ್ನೋದು ಯಾವತ್ತೂ ದೊಡ್ಡ ಪ್ರಶ್ನೆಯೇ.

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಫೋರ್ಟ್ ಕಾಲಿನ್ಸ್ ಅಂತ ಒಂದು ಊರು. 1997ರ ಜುಲೈ 28ರಂದು ಅಲ್ಲಿ ಪ್ರವಾಹ ಬಂದು ಐದು ಜನ ಸತ್ತರು. ಆಮೇಲೆ ವಿಜ್ಞಾನಿಗಳು ಮನೆಮನೆಯ ಅಂಕಿ ಕಲೆಹಾಕಿ ನೋಡಿದಾಗ ಊರಿನ ಪಶ್ಚಿಮ ಭಾಗದಲ್ಲಿ 14 ಇಂಚಿಗೂ ಹೆಚ್ಚು ಮಳೆ ಸುರಿದಿತ್ತು, ಕೆಲವೇ ಮೈಲಿ ಆಚೆ ಪೂರ್ವದಲ್ಲಿ 2 ಇಂಚಿನ ಆಸುಪಾಸು. ಆ ನಡುವಿನ ಸತ್ಯ ಯಾವ ಅಧಿಕೃತ ಮಾಪಕಕ್ಕೂ ಕಾಣದೆ ಹೋಗಿತ್ತು. ಮರುವರ್ಷ, 1998ರಲ್ಲಿ, ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ನೋಲನ್ ಡೋಸ್ಕೆನ್ ಮುಂದಾಗಿ ಸಾಮಾನ್ಯ ಜನರ ಮಳೆ ಅಳತೆಯ ಜಾಲ ಶುರು ಮಾಡಿದರು. ಕೊಕೊರಾಸ್ ಅಂತ ಹೆಸರು. ಅವರು ಕೇಳೋ ಸಾಧನ ಯಾವುದು? ವೈಫೈ ಇಲ್ಲ, ಆ್ಯಪ್ ಇಲ್ಲ, ಬ್ಯಾಟರಿಯೂ ಇಲ್ಲ. ನಾಲ್ಕಿಂಚು ಬಾಯಿಯ ಒಂದು ಪ್ಲಾಸ್ಟಿಕ್ ಕೊಳವೆ. ದಿನಾ ಬೆಳಿಗ್ಗೆ ಹೋಗಿ ಕಣ್ಣಲ್ಲಿ ನೋಡಿ ಬರೆದುಕೊಳ್ಳಬೇಕು. ಸಿಲಿಕಾನ್ ವ್ಯಾಲಿ ಇರೋ ದೇಶದ ವಿಜ್ಞಾನಿಗಳು ನಂಬೋದು ಅದನ್ನ.

ಹಾಗಾದ್ರೆ ಎಲೆಕ್ಟ್ರಾನಿಕ್ ಕೇಂದ್ರ ಬೇಡವಾ? ಬೇಕು. ಮಳೆ ರಾತ್ರಿ ಎರಡು ಗಂಟೆಗೆ ಶುರುವಾಯ್ತಾ, ಬೆಳಗಿನ ಜಾವ ಎಷ್ಟು ಹೊತ್ತು ಬಿಟ್ಟಿತ್ತು, ತೇವಾಂಶ ಎಷ್ಟು ದಿನ ಇಳಿಯಲೇ ಇಲ್ಲ ಅನ್ನೋದನ್ನ ಕೊಳವೆ ಹೇಳಲ್ಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸೋಕೆ ಕೊನೆಗೌಡರನ್ನ ಯಾವತ್ತು ಕರೀಬೇಕು ಅನ್ನೋದು ಇಂಥ ವಿವರದ ಮೇಲೆ ನಿಂತಿದೆ. ನನ್ನ ತಕರಾರು ಯಂತ್ರದ ಮೇಲಲ್ಲ. ಯಂತ್ರ ಕೊಳ್ಳುವಾಗ ನಾವು ಏನನ್ನ ನೋಡ್ತೀವಿ ಅನ್ನೋದರ ಮೇಲೆ. ಯೂಟ್ಯೂಬ್ ವಿಮರ್ಶೆಗಳಲ್ಲಿ ಹತ್ತು ನಿಮಿಷ ಪರದೆಯ ಬಣ್ಣ, ಐದು ನಿಮಿಷ ಅಲೆಕ್ಸಾ. ಮಳೆಮಾಪಕಕ್ಕೆ ನೀರು ಸುರಿದು ನೋಡಿದವನನ್ನ ನಾನಂತೂ ಬೆರಳೆಣಿಕೆಯಷ್ಟೇ ಕಂಡಿದ್ದೀನಿ. ಕಾರ್ ವಿಮರ್ಶೆ ಮಾಡಿ ಓಡಿಸಿಯೇ ಇಲ್ಲ ಅಂದ ಹಾಗೆ.

ಹಾಗಾಗಿ, ಹತ್ತು-ಹನ್ನೆರಡು ಸಾವಿರದಿಂದ ಲಕ್ಷದ ತನಕ ಬೆಲೆ ಇರೋ ಈ ಸಂತೆಯಲ್ಲಿ ನಾನು ಕೇಳುತ್ತಿರೋ ಪ್ರಶ್ನೆಗಳು ಬೇರೆ.

ಮೊದಲನೇದು: ಇಂಟರ್ನೆಟ್ ತಂತಿ ಕಿತ್ತರೆ ಏನಾಗುತ್ತೆ? ಇದು ತತ್ವಜ್ಞಾನದ ಪ್ರಶ್ನೆ ಅಲ್ಲ. ನಮ್ಮೂರಲ್ಲಿ ಗುಡುಗು ಶುರುವಾದ್ರೆ ರೌಟರ್ ಪ್ಲಗ್ ಕಿತ್ತಿಡೋದು ಮನೆ ನಿಯಮ. ಕರೆಂಟು ಹೇಗೂ ಹೋಗಿರುತ್ತೆ. ಅಂದ್ರೆ ಬರೀ ಕ್ಲೌಡನ್ನೇ ನಂಬಿದ ಕೇಂದ್ರ ಸರಿಯಾಗಿ ಯಾವ ಹೊತ್ತಲ್ಲಿ ಕುರುಡಾಗುತ್ತೆ? ವರ್ಷದ ಅತಿ ಜೋರು ಮಳೆ ಸುರಿಯೋ ಹೊತ್ತಲ್ಲಿ! ಬಿಸಿಲಿದ್ದಾಗ ಅಚ್ಚುಕಟ್ಟಾಗಿ ಸೊನ್ನೆ ಬರೆದು, ಮಳೆ ಬಂದಾಗ ಗೈರುಹಾಜರಾಗೋ ಗುಮಾಸ್ತನಿಗೆ ಸಂಬಳ ಯಾಕೆ ಕೊಡಬೇಕು? ಮನೆಯೊಳಗಿನ ಪೆಟ್ಟಿಗೆಯಲ್ಲೇ, ಬ್ಯಾಟರಿ ಮೇಲೆ, ದಾಖಲೆ ಉಳಿಯಬೇಕು. ಇದೇನು ಆಗದ ಮಾತಲ್ಲ. ಡೇವಿಸ್ ಕಂಪನಿಯ ವಾಂಟೇಜ್ ಕನ್ಸೋಲ್‌ಗಳಿಗೆ ಹಾಕೋ ಹಳೇ ಲಾಗರ್‌ನಲ್ಲೇ 2,560 ದಾಖಲೆ ಹಿಡಿಯುತ್ತೆ. ಹದಿನೈದು ನಿಮಿಷಕ್ಕೊಂದರಂತೆ ಲೆಕ್ಕ ಹಾಕಿದ್ರೂ 26 ದಿನ ಬರುತ್ತೆ. ಆ ತಂತ್ರಜ್ಞಾನ ಬಂದು ಎಷ್ಟೋ ವರ್ಷ ಆಯ್ತು. ಅದನ್ನ ಬಿಟ್ಟಿದ್ದು ಪ್ರಗತಿ ಅಲ್ಲ, ಚಂದಾ ವ್ಯಾಪಾರ.

ಎರಡನೇದು: ಅಂಕಿ ನನ್ನ ಕಂಪ್ಯೂಟರಿಗೆ ನೇರವಾಗಿ ಬರುತ್ತಾ? ವೀಡಬ್ಲ್ಯುಎಕ್ಸ್ ಅಂತ ಒಂದು ಮುಕ್ತ ತಂತ್ರಾಂಶ ಇದೆ. ಟಾಮ್ ಕೆಫರ್ ಅನ್ನೋವ್ರು ಶುರು ಮಾಡಿದ್ದು, ಬಿಟ್ಟಿ ಸಿಗುತ್ತೆ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಲ್ಲಿ ಓಡುತ್ತೆ. ಕೇಂದ್ರದಿಂದ ಬಂದ ಅಂಕಿಯನ್ನ ನಮ್ಮ ಮನೆಯಲ್ಲೇ ಒಂದು ಸಾದಾ ಡೇಟಾಬೇಸ್ ಫೈಲಿಗೆ ಬರೆಯುತ್ತೆ. ಕಂಪನಿ ಮುಳುಗಲಿ, ಮಾರಾಟವಾಗಲಿ, ಆ ಫೈಲು ನಮ್ಮದೇ. ಕೊಳ್ಳೋ ಮುಂಚೆ ಆ ತಂತ್ರಾಂಶ ಯಾವ ಯಾವ ಯಂತ್ರದ ಜೊತೆ ಮಾತಾಡುತ್ತೆ ಅನ್ನೋ ಪಟ್ಟಿ ನೋಡಿ. ನಾಲ್ಕು ನಕ್ಷತ್ರದ ವಿಮರ್ಶೆಗಿಂತ ಆ ಪಟ್ಟಿ ಹೆಚ್ಚು ಹೇಳುತ್ತೆ.

ಮೂರನೇದು: ಬಿಡಿಭಾಗ ಸಿಗುತ್ತಾ? ತೇವಾಂಶದ ಸೆನ್ಸರ್ ಹಾಳಾದ್ರೆ ಅದೊಂದನ್ನೇ ತೆಗೆದು ಹಾಕಬಹುದಾ, ಇಲ್ಲ ಇಡೀ ಗೊಂಬೆಯನ್ನೇ ಕಸಕ್ಕೆ ಹಾಕಬೇಕಾ? ಈಗ ಜನಪ್ರಿಯವಾಗಿರೋದು ಆಲ್-ಇನ್-ಒನ್. ಮಳೆ, ಗಾಳಿ, ಉಷ್ಣಾಂಶ, ಬಿಸಿಲು ಎಲ್ಲಾ ಒಂದೇ ತಲೆಯಲ್ಲಿ. ನೋಡೋಕೆ ಚೆಂದ, ಕಂಬಕ್ಕೆ ಸಿಕ್ಕಿಸಿದ್ರೆ ಮುಗೀತು. ಆದ್ರೆ ಹವಾಮಾನ ಶಾಸ್ತ್ರ ಏನು ಹೇಳುತ್ತೆ? ಗಾಳಿಯನ್ನ ಹತ್ತು ಮೀಟರ್ ಎತ್ತರದಲ್ಲಿ ಅಳೀಬೇಕು. ಉಷ್ಣಾಂಶವನ್ನ ಹುಲ್ಲಿನ ಮೇಲೆ, ನೆರಳಿನ ಗೂಡಿನೊಳಗೆ, ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ. ಮಳೆಮಾಪಕದ ಬಾಯಿ ನಮ್ಮ ಹವಾಮಾನ ಇಲಾಖೆಯ ಪದ್ಧತಿಯಂತೆ ನೆಲದಿಂದ 30 ಸೆಂಟಿಮೀಟರ್. ಮೂರಕ್ಕೂ ಮೂರು ಬೇರೆ ಜಾಗ. ಎಲ್ಲವನ್ನೂ ಒಂದೇ ಕಂಬಕ್ಕೆ ಕಟ್ಟಿದ್ರೆ ಕಡೇಪಕ್ಷ ಎರಡಾದ್ರೂ ತಪ್ಪು ಜಾಗದಲ್ಲಿ ಇರಲೇಬೇಕು. ಇದು ಕಂಪನಿಯ ಇಂಜಿನಿಯರಿಗೂ ಗೊತ್ತು. ಪೆಟ್ಟಿಗೆ ಮೇಲೆ ಬರೆಯಲ್ಲ ಅಷ್ಟೇ.

ನಾಲ್ಕನೇದು: ಮಳೆಯನ್ನ ಅಳೆಯುತ್ತಾ, ಊಹಿಸುತ್ತಾ? ಮಗುಚೋ ಬಟ್ಟಲಿನ ಉಪಾಯ 1660ರ ದಶಕದ್ದು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿದ ಕ್ರಿಸ್ಟೋಫರ್ ರೆನ್ ತಲೆಗೆ ಹೊಳೆದದ್ದು. ಇಂತಿಷ್ಟು ನೀರು ತುಂಬಿದ್ರೆ ಬಟ್ಟಲು ಮಗುಚುತ್ತೆ, ಎಷ್ಟು ಸಲ ಮಗುಚಿತು ಎಣಿಸಿದ್ರೆ ಮಳೆ ಗೊತ್ತಾಗುತ್ತೆ. ಈಗ ಬಂದಿರೋ ಹೊಸ ಬಗೆಯಲ್ಲಿ ಬಟ್ಟಲಿಲ್ಲ. ಮೇಲ್ಮೈಗೆ ಹನಿ ಬಿದ್ದ ಪೆಟ್ಟನ್ನ ಕೇಳಿಸಿಕೊಂಡು ಮಳೆ ಎಷ್ಟು ಅಂತ ಅಂದಾಜು ಮಾಡುತ್ತೆ. ಚಲಿಸೋ ಭಾಗ ಇಲ್ಲ, ಇರುವೆ ಕಾಟ ಇಲ್ಲ, ಒಪ್ಪಿದೆ. ಮಳೆ ಶುರುವಾದ ಕ್ಷಣ ಹಿಡಿಯೋಕೆ ಅದು ಒಳ್ಳೇದೇ. ಆದ್ರೆ ಮಲೆನಾಡಿನ ಸೋನೆ ಮಳೆ ಪೆಟ್ಟು ಹೊಡೆಯಲ್ಲ, ಸವರಿಕೊಂಡು ಹೋಗುತ್ತೆ. ದಿನವಿಡೀ ಹಾಗೆ ಸವರಿ ಒಂದಿಂಚು ಕೊಟ್ಟು ಹೋಗುತ್ತೆ. ಇನ್ನು ಗಾಳಿಗೆ ಕಂಬ ಅಲ್ಲಾಡಿದ್ರೆ ಅದೂ ಹನಿಯ ಪೆಟ್ಟಿನ ಹಾಗೇ ಕೇಳಿಸಬಹುದು. ಲೆಕ್ಕಕ್ಕೆ ಸಾಕ್ಷಿ ಬೇಕಾದಲ್ಲಿ ನೀರನ್ನ ಹಿಡಿದು ಅಳೆಯೋ ಯಂತ್ರವೇ ಬೇಕು.

ಬಟ್ಟಲಿನದ್ದೂ ಸುಬಗನ ಕಥೆ ಏನಲ್ಲ. ಹದಿನೈದು ನಿಮಿಷದಲ್ಲಿ 25 ಮಿ.ಮೀ. ಸುರಿದ್ರೆ ಅದು ಗಂಟೆಗೆ 100 ಮಿ.ಮೀ. ವೇಗ. 0.2 ಮಿ.ಮೀ.ಗೊಮ್ಮೆ ಮಗುಚೋ ಬಟ್ಟಲು ಆಗ ಏಳು ಸೆಕೆಂಡಿಗೊಮ್ಮೆ ಮಗುಚಬೇಕು, ಪ್ರತಿ ಸಲ ಮಗುಚುವಾಗಲೂ ಒಂದಿಷ್ಟು ನೀರು ಲೆಕ್ಕಕ್ಕೆ ಸಿಗದೆ ಜಾರುತ್ತೆ. ಅಂದ್ರೆ ಜೋರು ಮಳೆಯಲ್ಲಿ ಅದು ಕಮ್ಮಿ ಹೇಳುತ್ತೆ. ಪರೀಕ್ಷೆ ಮಾಡೋದು ಸುಲಭ. ಮೆಡಿಕಲ್ ಶಾಪಿಂದ ಡ್ರಿಪ್ ಸೆಟ್ ತನ್ನಿ. ಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಇದ್ರೆ 20 ಮಿ.ಲೀ. ನೀರು ಅಂದ್ರೆ 1 ಮಿ.ಮೀ. ಮಳೆ. ಅರ್ಧ ಲೀಟರ್ ನೀರನ್ನ ಒಂದು ಗಂಟೆ ಹೊತ್ತು ನಿಧಾನಕ್ಕೆ ಬಿಡಿ. ಯಂತ್ರ 25 ಮಿ.ಮೀ. ಅನ್ನಬೇಕು. 21 ಅಂದ್ರೆ ಬಟ್ಟಲಿನ ಕೆಳಗಿನ ತಿರುಪು ತಿರುಗಿಸಿ, ಅಥವಾ ಗುಣಕ ಹಾಕಿ. ಗುಣಕ ಹಾಕೋಕೂ ಬಿಡದ, ತಿರುಪೂ ಇಲ್ಲದ ಯಂತ್ರವಾದ್ರೆ ಮುಟ್ಟಬೇಡಿ.

ಐದನೇದು, ಕಸಿನ್ ಅಮೆರಿಕದಿಂದ ಸೂಟ್‌ಕೇಸಲ್ಲಿ ತರ್ತಾನೆ ಅನ್ನೋರಿಗೆ: ಪೆಟ್ಟಿಗೆ ಮೇಲಿನ ರೇಡಿಯೋ ತರಂಗದ ಸಂಖ್ಯೆ ನೋಡಿ. ಅಲ್ಲಿಯ ಯಂತ್ರಗಳು ಹೆಚ್ಚಾಗಿ 915 ಮೆಗಾಹರ್ಟ್ಸ್ ಆಸುಪಾಸಿನವು. ನಮ್ಮಲ್ಲಿ 890ರಿಂದ 915ರವರೆಗಿನ ಪಟ್ಟಿ ಮೊಬೈಲ್ ಕಂಪನಿಗಳದ್ದು. ಲೈಸೆನ್ಸ್ ಇಲ್ಲದೆ ಬಳಸೋಕೆ ಸರ್ಕಾರ ಬಿಟ್ಟಿರೋ ಪಟ್ಟಿ 865ರಿಂದ 868. ಅಗ್ಗಕ್ಕೆ ಸಿಕ್ತು ಅಂತ ತಂದದ್ದು ಇಲ್ಲಿ ಕಾನೂನಿಗೂ ಹೊರಗೆ, ಟವರ್ ಗದ್ದಲದೊಳಗೆ. ಇನ್ನೊಂದು ಮಾತು. ಬೇರೆ ಬೇರೆ ಹೆಸರಲ್ಲಿ ಮಾರಾಟವಾಗೋ ಎಷ್ಟೋ ಕೇಂದ್ರಗಳು ಚೀನಾದ ಫೈನ್ ಆಫ್‌ಸೆಟ್ ಅನ್ನೋ ಒಂದೇ ತಯಾರಕನವು. ಇಕೋವಿಟ್ ಅಂತಲೂ ಅದೇ, ಆ್ಯಂಬಿಯೆಂಟ್ ವೆದರ್ ಅಂತಲೂ ಅದೇ. ಹಾಗಂತ ಕೆಟ್ಟದ್ದು ಅಂತಲ್ಲ. ಬ್ರ್ಯಾಂಡಿನ ಹೆಸರಿಗೆ ಹೆಚ್ಚುವರಿ ಕೊಡೋ ಮುಂಚೆ ಒಳಗಿರೋದು ಏನು ಅಂತ ತಿಳ್ಕೊಳ್ಳಿ.

ಆರನೇದು ಮಲೆನಾಡಿಗೆ ಮಾತ್ರ: ಸೋಲಾರ್ ಅಂತ ಬರೆದಿದ್ರೆ, ಮೂರು ವಾರ ಸೂರ್ಯ ಕಾಣದಿದ್ರೆ ಏನ್ಮಾಡುತ್ತೆ ಅಂತ ಕೇಳಿ. ಒಳಗೆ ಬ್ಯಾಟರಿ ಹಾಕೋ ಜಾಗ ಇಲ್ಲದಿದ್ರೆ ಅದು ಬೇಸಿಗೆ ಕೇಂದ್ರ.

'ನಂಗೆ ತೋಟ ಇಲ್ಲ, ಬೆಂಗಳೂರಲ್ಲಿ ಟೆರೇಸ್ ಇದೆ, ನನಗೇನು?' ಅಂತೀರಾ. 2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111.1 ಮಿ.ಮೀ. ಮಳೆಯಾಗಿ, 1891ರ ಜೂನ್ ದಾಖಲೆ ಮುರೀತು ಅಂತ ಓದಿದ್ದೀರಿ. ಅದು ನಗರ ವೀಕ್ಷಣಾಲಯದ ಅಂಕಿ. ನಿಮ್ಮ ಬೀದಿಯಲ್ಲಿ ಎಷ್ಟು? ಮೂವತ್ತು-ನಲವತ್ತರ ಸೈಟಿನ ಮೇಲೆ 25 ಮಿ.ಮೀ. ಬಿದ್ದರೆ ಸುಮಾರು 2,800 ಲೀಟರ್. ಅದೇ ವರ್ಷ ಮಾರ್ಚಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ರಿ ನೆನಪು ಮಾಡ್ಕೊಳ್ಳಿ. ಮಳೆಕೊಯ್ಲಿನ ತೊಟ್ಟಿ ಎಷ್ಟು ದೊಡ್ಡದಿರಬೇಕು, ಲೇಔಟಿನ ಚರಂಡಿ ಎಷ್ಟು ಮಳೆಗೆ ತುಂಬಿ ಉಕ್ಕುತ್ತೆ ಅಂತ ಸಭೆಯಲ್ಲಿ ಮಾತಾಡುವಾಗ 'ಜೋರು ಮಳೆ ಬಂತು ಸಾರ್' ಅನ್ನೋದಕ್ಕೂ, 'ಮುಕ್ಕಾಲು ಗಂಟೆಯಲ್ಲಿ ಇಷ್ಟು ಮಿ.ಮೀ. ಬಂದಾಗಲೇ ನೀರು ನುಗ್ಗಿತು, ಇಲ್ಲಿದೆ ದಾಖಲೆ' ಅನ್ನೋದಕ್ಕೂ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ತಲೆಯಾಡಿಸಿ ಕಳಿಸ್ತಾರೆ. ಎರಡನೆಯದಕ್ಕೆ ಉತ್ತರ ಕೊಡಬೇಕಾಗುತ್ತೆ. ಒಂದೇ ಎಚ್ಚರಿಕೆ: ಟೆರೇಸಿನ ಕಾಂಕ್ರೀಟು ಕಾದಿರುತ್ತೆ, ಅಲ್ಲಿಯ ಉಷ್ಣಾಂಶ ನೋಡಿ 'ನಮ್ಮ ಏರಿಯಾದಲ್ಲಿ 41 ಡಿಗ್ರಿ' ಅಂತ ವಾಟ್ಸ್ಆ್ಯಪಿಗೆ ಹಾಕಬೇಡಿ. ಅದು ನಿಮ್ಮ ಕಾಂಕ್ರೀಟಿನ ಜ್ವರ, ಏರಿಯಾದ್ದಲ್ಲ. ಮಳೆಮಾಪಕಕ್ಕೂ ಪಕ್ಕದ ನೀರಿನ ಟ್ಯಾಂಕು ಅಡ್ಡ ಬರಬಾರದು. ಅಡ್ಡ ಇರೋ ವಸ್ತು ಮಾಪಕಕ್ಕಿಂತ ಎಷ್ಟು ಎತ್ತರವೋ ಅದರ ಎರಡರಷ್ಟಾದ್ರೂ ದೂರ ಇರಬೇಕು.

ಇನ್ನು, ಹೊಸದು ಬಂತು ಅಂತ ಹಳೆಯದನ್ನ ಅವತ್ತೇ ಕಿತ್ತು ಗುಜರಿಗೆ ಹಾಕೋ ಚಟದ ಬಗ್ಗೆ. ಫೋನ್ ಬದಲಾಯಿಸಿದ ಹಾಗೆ ಕೇಂದ್ರ ಬದಲಾಯಿಸಬಾರದು. ಹಳೇ ಯಂತ್ರ ಸಾವಿರ ಅಂದಿದ್ದನ್ನ ಹೊಸದು ಸಾವಿರದ ನೂರು ಅಂದ್ರೆ, ಮಳೆ ಹೆಚ್ಚಾಯ್ತಾ ಯಂತ್ರ ಬದಲಾಯ್ತಾ? ಎರಡನ್ನೂ ಒಂದು ಮಳೆಗಾಲ ಪೂರ್ತಿ ಅಕ್ಕಪಕ್ಕ ನಡೆಸಿದ್ರೆ ಮಾತ್ರ ಗೊತ್ತಾಗೋದು. ನಮ್ಮ ಹಳೆಯದರ ಸರ್ವರ್ ಸತ್ತಿದ್ರೂ ಕಂಬದ ಸೆನ್ಸರ್ ಇನ್ನೂ ಸಿಗ್ನಲ್ ಕಳಿಸ್ತಿದೆ. ಅಗ್ಗದ ಒಂದು ರೇಡಿಯೋ ಡಾಂಗಲ್ ಮತ್ತು ಆರ್‌ಟಿಎಲ್ 433 ಅನ್ನೋ ಬಿಟ್ಟಿ ತಂತ್ರಾಂಶ ಹಾಕಿ ಅದನ್ನ ನೇರವಾಗಿ ಕೇಳಿಸಿಕೊಳ್ತಿದ್ದೀನಿ. ಕಂಪನಿ ಗುಟುಕು ನೀರೂ ಬಿಡದೆ ಸಾಯಿಸಿದ ಯಂತ್ರಕ್ಕೆ ಯಾರೋ ಅಪರಿಚಿತರು ಬರೆದ ತಂತ್ರಾಂಶ ಒಂದು ಮಳೆಗಾಲದ ಆಯಸ್ಸು ಕೊಟ್ಟಿದೆ.

ಇಷ್ಟೆಲ್ಲಾ ಹೇಳಿದ ಮೇಲೂ ನಮ್ಮ ಮನೆಯ ಅತ್ಯಂತ ನಂಬಿಕಸ್ಥ ಹವಾಮಾನ ಕೇಂದ್ರ ಅಪ್ಪನ ನೋಟ್‌ಬುಕ್. ಸೊಸೈಟಿ ಕೊಟ್ಟ ಹಳೇ ಡೈರಿಗಳಲ್ಲಿ, ಬೆಳಿಗ್ಗೆ ಎಂಟೂವರೆಗೆ ಅಳತೆ ಕೊಳವೆ ನೋಡಿ ಬರೆದ ಅಂಕಿ. ಪಕ್ಕದಲ್ಲಿ ಮಳೆ ನಕ್ಷತ್ರ: ಆರಿದ್ರೆ, ಪುನರ್ವಸು, ಪುಷ್ಯ. ಎಂಟೂವರೆಯೇ ಯಾಕೆ? ಹವಾಮಾನ ಇಲಾಖೆಯ ದಿನ ಶುರುವಾಗೋದು ಆಗಲೇ. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸೋ ಆ್ಯಪ್ ಅಂಕಿಯನ್ನ ಪಂಚಾಯಿತಿ ಅಂಕಿಯ ಪಕ್ಕ ಇಟ್ಟರೆ ತಾಳೆಯೇ ಆಗಲ್ಲ. ಈ ಸೂಕ್ಷ್ಮ ಅಪ್ಪನ ಡೈರಿಗೆ ಗೊತ್ತು, ಎಷ್ಟೋ ಸ್ಮಾರ್ಟ್ ಯಂತ್ರಕ್ಕೆ ಗೊತ್ತಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳಲ್ಲಿ ಇಂಚು-ಸೆಂಟ್ ಲೆಕ್ಕದಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಅವನ್ನ ಓದೋಕೆ ಲಾಗಿನ್ ಬೇಡ. ಬರೆದ ಕಂಪನಿ ಬಾಗಿಲು ಹಾಕಿಲ್ಲ. ಗೆದ್ದಲು ಹಿಡಿಯದ ಹಾಗೆ ನೋಡ್ಕೊಂಡ್ರೆ ಸಾಕು. ಒಮ್ಮೊಮ್ಮೆ ಫೋನಲ್ಲಿ ಅಪ್ಪ, 'ನಿನ್ನ ಮಷೀನು ಎಂತಾ ಹೇಳ್ತು ತಮಾ?' ಅಂತ ಕೇಳ್ತಾರೆ. ಯಂತ್ರದ ಅಂಕಿಯನ್ನ ನಾನು ಹೇಳಿದ ಮೇಲೆ ತಮ್ಮ ಅಂಕಿ ಹೇಳ್ತಾರೆ. ಈ ಎರಡರ ನಡುವಿನ ಅಂತರ ನೋಡಿಯೇ ಯಂತ್ರಕ್ಕೆ ವಯಸ್ಸಾಗ್ತಿದೆ ಅಂತ ನಮಗೆ ಗೊತ್ತಾಗಿದ್ದು. ಯಂತ್ರ ತಾನಾಗಿ ಹೇಳಿರಲಿಲ್ಲ.

'ಇದೆಲ್ಲಾ ತಲೆಕೆಟ್ಟ ಇಂಜಿನಿಯರುಗಳಿಗೆ, ಸಾಮಾನ್ಯರಿಗೆ ಆ್ಯಪ್ ಸಾಕು' ಅನ್ನೋ ಮಾತು ಬರುತ್ತೆ. ನಾನು ಉಲ್ಟಾ ಹೇಳ್ತೀನಿ. ಇಂಜಿನಿಯರ್ ಹೇಗೋ ದಾರಿ ಹುಡುಕ್ಕೊಳ್ತಾನೆ, ಡಾಂಗಲ್ ಹಾಕ್ತಾನೆ. ಸರ್ವರ್ ಮುಚ್ಚಿದ ದಿನ ಬರಿಗೈಯಾಗೋದು ಸಾಮಾನ್ಯರೇ. ಊರಲ್ಲಿ ಅಪ್ಪ-ಅಮ್ಮನಿಗೆ ಯಂತ್ರ ಕೊಡಿಸಿ, ಲಾಗಿನ್ ತಾವಿಟ್ಟುಕೊಂಡು, ಪಾಸ್‌ವರ್ಡ್ ಮರೆತ ಮಕ್ಕಳ ಮನೆಗಳವರು. ಅವರಿಗೇ ಮೊದಲು ಬೇಕಾಗಿರೋದು ಆ್ಯಪ್ ಇಲ್ಲದೆಯೂ ಕೆಲಸ ಮಾಡೋ ಯಂತ್ರ.

ನಾನು ತೀರ್ಮಾನ ಮಾಡಿರೋದು ಹೀಗೆ. ಮಳೆಗೆ ಬೇರೆ, ಉಷ್ಣಾಂಶಕ್ಕೆ ಬೇರೆ ಸೆನ್ಸರ್ ಇರೋ, ಬಿಡಿಭಾಗ ಸಿಗೋ, ನಮ್ಮ ಮನೆಯೊಳಗೇ ದಾಖಲೆ ಇಡೋ ಯಂತ್ರ. ಪರದೆ ಕಪ್ಪು-ಬಿಳುಪಾದ್ರೂ ಚಿಂತೆಯಿಲ್ಲ. ಗಾಳಿಯ ಅಳತೆಗೆ ಈ ಸಲ ದುಡ್ಡು ಹಾಕಲ್ಲ. ಅಡಿಕೆ ಮರಗಳ ನಡುವೆ ಸರಿಯಾದ ಗಾಳಿ ಅಳತೆ ಸಿಗೋದೂ ಇಲ್ಲ. ಉಳಿದ ದುಡ್ಡಲ್ಲಿ ಇನ್ನೂ ನಾಲ್ಕು ಅಳತೆ ಕೊಳವೆ ಕೊಂಡು ಕೇರಿಯ ನಾಲ್ಕು ಮನೆಗೆ ಕೊಡ್ತೀನಿ, ಜೊತೆಗೆ ನಾಲ್ಕು ಡೈರಿ. ಎಂಟೂವರೆಗೆ ನೋಡಿ ಬರೀರಿ ಅಂತ ಒಂದೇ ಷರತ್ತು.

ನೀವು ಯಾವುದನ್ನಾದ್ರೂ ಕೊಳ್ಳಿ. ದುಡ್ಡು ಕೊಡೋ ಮುಂಚೆ ಮಾರೋವನನ್ನ ಒಂದು ಮಾತು ಕೇಳಿ: 'ನಾಳೆ ನಿಮ್ಮ ಕಂಪನಿ ಇಲ್ಲದಿದ್ರೆ, ನಾಡಿದ್ದು ನಮ್ಮನೆ ಅಂಗಳದಲ್ಲಿ ಬಿದ್ದ ಮಳೆ ಎಷ್ಟು ಅಂತ ನಂಗೆ ಗೊತ್ತಾಗುತ್ತಾ?' ಹೌದು ಅಂದ್ರೆ ತಗೊಳ್ಳಿ. ತಡವರಿಸಿದ್ರೆ ಅಂಗಡಿಯಿಂದ ಎದ್ದು ಬನ್ನಿ, ದಾರಿಯಲ್ಲಿ ಒಂದು ಕೊಳವೆ, ಒಂದು ನೋಟ್‌ಬುಕ್ ಕೊಂಡ್ಕೊಳ್ಳಿ.